ಗೊಬ್ಬರದ ಚೀಲ ಓದುವ ಬಗೆ

ಮುಂಗಾರು ಹಿಡಿಯುವ ಮುಂಚೆ ತೀರ್ಥಹಳ್ಳಿ, ಹೊಸನಗರ, ಸಾಗರದ ಯಾವುದೇ ಗೊಬ್ಬರದ ಅಂಗಡಿಗೆ ಹೋದರೂ ಒಂದೇ ಗೋಡೆಗೆ ಒರಗಿಸಿಟ್ಟ ಹತ್ತಾರು ಬಗೆಯ ಚೀಲ, ಬಕೆಟ್, ಬಾಟಲಿ ಸಿಗುತ್ತವೆ. ಯೂರಿಯಾ, ಪೊಟ್ಯಾಷ್, ರಾಕ್ ಫಾಸ್ಫೇಟ್, ಬೇವಿನ ಹಿಂಡಿ, ಎರೆಗೊಬ್ಬರ, ಡಾಲಮೈಟ್, ಹ್ಯೂಮಿಕ್, ಕಡಲಪಾಚಿಯ ಹರಳು, ಟ್ರೈಕೋಡರ್ಮಾ. ಮಾತಿನಲ್ಲಿ ಎಲ್ಲವೂ ಗೊಬ್ಬರವೇ. ಕಾನೂನಿನಲ್ಲಿ ಹಾಗಲ್ಲ. ಇವು ಬೇರೆ ಬೇರೆ ವರ್ಗಕ್ಕೆ ಸೇರುತ್ತವೆ, ಒಂದೊಂದು ವರ್ಗದ ಲೇಬಲ್ಲು ಒಂದೊಂದು ವಿಷಯಕ್ಕೆ ಮಾತ್ರ ಖಾತ್ರಿ ಕೊಡುತ್ತದೆ. ಕೈಯಲ್ಲಿರುವ ಚೀಲ ಯಾವ ವರ್ಗದ್ದು ಎಂದು ಗೊತ್ತಾದರೆ ಅದರ ಮೇಲಿನ ಯಾವ ಅಂಕಿಯನ್ನು ನಂಬಬೇಕು, ಯಾವುದು ಬರೀ ಜಾಹೀರಾತು ಎಂಬುದೂ ಗೊತ್ತಾಗುತ್ತದೆ.

ಮುಖ್ಯ ಕಾನೂನು ರಸಗೊಬ್ಬರ ನಿಯಂತ್ರಣ ಆದೇಶ, 1985. ಇದನ್ನು ಹೊರಡಿಸಿರುವುದು 1955ರ ಅಗತ್ಯ ವಸ್ತುಗಳ ಕಾಯ್ದೆಯ ಅಡಿಯಲ್ಲಿ. ಹೆಸರಿನಲ್ಲಿ ರಸಗೊಬ್ಬರ ಎಂದಿದ್ದರೂ ಇದು ರಾಸಾಯನಿಕ ಗೊಬ್ಬರಕ್ಕಷ್ಟೇ ಸೀಮಿತವಲ್ಲ. ಜೈವಿಕ ಗೊಬ್ಬರ, ಸಾವಯವ ಗೊಬ್ಬರ, ತಿನ್ನಲಾಗದ ಎಣ್ಣೆ ಬೀಜಗಳ ಹಿಂಡಿ, 2021ರ ಫೆಬ್ರುವರಿಯಿಂದ ಜೈವಿಕ ಉತ್ತೇಜಕಗಳು ಅಂದರೆ ಬಯೋಸ್ಟಿಮ್ಯುಲಂಟ್‌ಗಳು, ಎಲ್ಲವೂ ಇದರೊಳಗಿವೆ. ಒಂದೊಂದಕ್ಕೂ ಪ್ರತ್ಯೇಕ ಅನುಸೂಚಿ ಇದೆ, ಅದರಲ್ಲಿ ಕನಿಷ್ಠ ಎಷ್ಟಿರಬೇಕು, ಗರಿಷ್ಠ ಎಷ್ಟಿರಬಹುದು ಎಂದು ನಿಗದಿಯಾಗಿದೆ. ರೋಗ, ಕೀಟ, ಕಳೆಗೆ ಹಾಕುವ ಮದ್ದು ಮಾತ್ರ ಇದರಿಂದ ಹೊರಗೆ. ಅದಕ್ಕೆ 1968ರ ಕೀಟನಾಶಕ ಕಾಯ್ದೆ ಇದೆ.

ಚೀಲದ ಮೇಲೆ ಏನಿರಬೇಕು ಎಂದು ಹೇಳುವುದು ನಿಯಂತ್ರಣ ಆದೇಶದ 21ನೇ ಖಂಡ. 'ಫರ್ಟಿಲೈಸರ್' ಎಂಬ ಪದ ಎದ್ದು ಕಾಣಬೇಕು. ಜೈವಿಕವಾದರೆ 'ಬಯೋಫರ್ಟಿಲೈಸರ್', ಸಾವಯವವಾದರೆ 'ಆರ್ಗಾನಿಕ್ ಫರ್ಟಿಲೈಸರ್' ಎಂದಿರಬೇಕು. ನಿಗದಿಪಡಿಸಿದ ವಿವರಗಳು ಮತ್ತು ಬೇರೆ ಕಾನೂನು ಕೇಳುವ ವಿವರಗಳನ್ನು ಬಿಟ್ಟು ಇನ್ನೇನೂ ಇರಬಾರದು ಎಂಬುದು ಅದೇ ಖಂಡದ ಮಾತು. ಗೊನೆ ತೂಗುವ ಅಡಿಕೆ ಮರ, ನಗುವ ರೈತ, 'ಇಳುವರಿ ದುಪ್ಪಟ್ಟು' ಎಂಬ ಘೋಷಣೆ ಚೀಲದ ಮುಕ್ಕಾಲು ಭಾಗ ತುಂಬಿಕೊಂಡು ಅಂಕಿಗಳು ಮೂಲೆ ಸೇರಿದ್ದರೆ ಅನುಮಾನ ಪಡಲು ಅದೇ ಸಾಕು. ಸಬ್ಸಿಡಿ ಗೊಬ್ಬರದಲ್ಲಿ ಈ ರಗಳೆ ಕಡಿಮೆ. 2022ರ ಅಕ್ಟೋಬರ್‌ನಿಂದ ಯೂರಿಯಾ, ಡಿಎಪಿ (ಡೈ ಅಮೋನಿಯಂ ಫಾಸ್ಫೇಟ್), ಪೊಟ್ಯಾಷ್, ಸಂಯುಕ್ತ ಗೊಬ್ಬರಗಳಿಗೆಲ್ಲ 'ಭಾರತ್' ಎಂಬ ಒಂದೇ ಹೆಸರು. ಚೀಲದ ಮೂರನೇ ಎರಡು ಭಾಗ ಆ ಹೆಸರು ಮತ್ತು ಲಾಂಛನಕ್ಕೆ, ಉಳಿದ ಒಂದು ಭಾಗದಲ್ಲಿ ಕಂಪನಿಯ ಹೆಸರು ಮತ್ತು ಇತರ ವಿವರ.

ಹೊಲಿಗೆಯನ್ನೂ ನೋಡಬೇಕು. ಕೈಯಲ್ಲಿ ಹೊಲಿದ ಚೀಲವಾದರೆ ಸೀಸದ ಮುದ್ರೆ ಇರಬೇಕು. ಮಿಷನ್ ಹೊಲಿಗೆಯಾದರೆ ಮುದ್ರೆ ಬೇಕಿಲ್ಲ, ಆದರೆ ಬಿಚ್ಚಿದರೆ ಗೊತ್ತಾಗುವಂತಿರಬೇಕು. ಒಂದೇ ಸಾಲಿನಲ್ಲಿ ಎರಡು ಬಣ್ಣದ ದಾರ, ಹಳೆಯ ಸೂಜಿ ತೂತುಗಳ ಪಕ್ಕದಲ್ಲೇ ಹೊಸ ತೂತುಗಳು ಕಂಡರೆ ಆ ಚೀಲ ಬೇಡ ಎನ್ನಿ.

ಅಂಕಿ ಎಂದರೆ ಏನು

10-26-26 ಎಂದಿದ್ದರೆ ನೂರು ಕೆಜಿಯಲ್ಲಿ 10 ಕೆಜಿ ಸಾರಜನಕ, 26 ಕೆಜಿ ರಂಜಕ, 26 ಕೆಜಿ ಪೊಟ್ಯಾಷ್. ಇಷ್ಟು ಎಲ್ಲರಿಗೂ ಗೊತ್ತು. ರಂಜಕವನ್ನು ಪಿ2ಒ5 ರೂಪದಲ್ಲಿ, ಪೊಟ್ಯಾಷಿಯಂ ಅನ್ನು ಕೆ2ಒ ರೂಪದಲ್ಲಿ ಲೆಕ್ಕ ಹಾಕಿರುತ್ತಾರೆ ಎಂಬುದು ಬಹಳ ಜನರ ಗಮನಕ್ಕೆ ಬಂದಿರುವುದಿಲ್ಲ. ಶಿಫಾರಸುಗಳೂ ಅದೇ ರೂಪದಲ್ಲಿರುವುದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಯಾವುದಾದರೂ ವರದಿ ಬರೀ 'ಪಿ', ಬರೀ 'ಕೆ' ಎಂದು ಕೊಟ್ಟಿದ್ದರೆ ಮಾತ್ರ ಪಿ2ಒ5 ಅಂಕಿಯನ್ನು 0.44ರಿಂದ, ಕೆ2ಒ ಅಂಕಿಯನ್ನು 0.83ರಿಂದ ಗುಣಿಸಿ ಹೋಲಿಸಬೇಕು.

ಫಲ ಕೊಡುವ ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್, ಜೊತೆಗೆ 12 ಕೆಜಿ ಸೊಪ್ಪು, 12 ಕೆಜಿ ಕೊಟ್ಟಿಗೆ ಗೊಬ್ಬರ ಎಂಬುದು ಹಳೆಯ ಶಿಫಾರಸು. ಇದನ್ನು ಚೀಲದ ಅಂಕಿಗೆ ಜೋಡಿಸಿ. ಯೂರಿಯಾದಲ್ಲಿ ಶೇ 46 ಸಾರಜನಕ, ಹಾಗಾಗಿ ಮರಕ್ಕೆ 217 ಗ್ರಾಂ. ಮ್ಯೂರಿಯೇಟ್ ಆಫ್ ಪೊಟ್ಯಾಷ್‌ನಲ್ಲಿ ಶೇ 60, ಹಾಗಾಗಿ 233 ಗ್ರಾಂ. ಶೇ 18ರ ರಾಕ್ ಫಾಸ್ಫೇಟ್ ಆದರೆ 222 ಗ್ರಾಂ. ಎಕರೆಗೆ 550 ಮರ ಎಂದು ಹಿಡಿದರೆ ಯೂರಿಯಾ ಸುಮಾರು 120 ಕೆಜಿ, ಪೊಟ್ಯಾಷ್ 128 ಕೆಜಿ, ರಾಕ್ 122 ಕೆಜಿ. ಯೂರಿಯಾ ಚೀಲ ಈಗ 50 ಕೆಜಿಯದ್ದಲ್ಲ, 45 ಕೆಜಿಯದ್ದು. ಅದನ್ನು ಮರೆತು ಚೀಲದ ಲೆಕ್ಕದಲ್ಲಿ ಹಾಕುತ್ತಾ ಹೋದರೆ ಪ್ರತಿ ಚೀಲಕ್ಕೂ 2.3 ಕೆಜಿ ಸಾರಜನಕ ಕಡಿಮೆ ಬೀಳುತ್ತದೆ.

ಕಬ್ಬಿನ ಕಾಕಂಬಿಯಿಂದ ಬರುವ ಪೊಟ್ಯಾಷ್ ಕೂಡ ಅಂಗಡಿಯಲ್ಲಿದೆ. ಚೀಲದ ಬೆಲೆ ಕಡಿಮೆ ಎಂದು ಅದನ್ನು ಎತ್ತಿಕೊಳ್ಳುವವರಿದ್ದಾರೆ. ಅದರಲ್ಲಿ ಇರಬೇಕಾದ ಕನಿಷ್ಠ ಪೊಟ್ಯಾಷ್ ಶೇ 14.5. ಮರಕ್ಕೆ 140 ಗ್ರಾಂ ಕೊಡಬೇಕೆಂದರೆ ಅದು ಹತ್ತಿರ ಹತ್ತಿರ ಒಂದು ಕೆಜಿ ಬೇಕು. ಕೆಟ್ಟ ಗೊಬ್ಬರ ಎಂದಲ್ಲ. ಆದರೆ ಹೋಲಿಸಬೇಕಾದದ್ದು ಚೀಲದ ಬೆಲೆಯನ್ನಲ್ಲ, ಒಂದು ಕೆಜಿ ಪೋಷಕಾಂಶದ ಬೆಲೆಯನ್ನು. ಚೀಲದ ಬೆಲೆಯನ್ನು ಅದರೊಳಗಿನ ಪೋಷಕಾಂಶದ ಕೆಜಿಯಿಂದ ಭಾಗಿಸಿದರೆ ಮುಗಿಯಿತು. ನ್ಯಾನೋ ಯೂರಿಯಾ ಬಾಟಲಿಗೂ ಇದೇ ಲೆಕ್ಕ. ಮೊದಲು ಬಂದ 500 ಮಿ.ಲೀ. ಬಾಟಲಿಯಲ್ಲಿ ಶೇ 4 ಎಂದಿತ್ತು, ಅಂದರೆ 20 ಗ್ರಾಂ ಸಾರಜನಕ. 45 ಕೆಜಿ ಯೂರಿಯಾ ಚೀಲದಲ್ಲಿರುವುದು 20.7 ಕೆಜಿ. ಎಲೆಯ ಮೂಲಕ ಹೋಗುವುದರಿಂದ ಹೆಚ್ಚು ಕೆಲಸ ಮಾಡುತ್ತದೆ ಎಂಬ ವಾದ ಬೇರೆ, ಅದರೊಳಗೆ ಎಷ್ಟಿದೆ ಎಂಬುದು ಬೇರೆ. ಲೇಬಲ್ಲು ಹೇಳುವುದು ಎರಡನೆಯದನ್ನು ಮಾತ್ರ.

ರಂಜಕದಲ್ಲಿ ಅಂಕಿಯ ಜೊತೆಗಿನ ಪದವನ್ನೂ ಓದಬೇಕು. ಸೂಪರ್ ಫಾಸ್ಫೇಟ್ ಚೀಲದಲ್ಲಿ 'ನೀರಿನಲ್ಲಿ ಕರಗುವ' ರಂಜಕದ ಲೆಕ್ಕ ಕೊಟ್ಟಿರುತ್ತಾರೆ, ರಾಕ್ ಫಾಸ್ಫೇಟ್ ಚೀಲದಲ್ಲಿ 'ಒಟ್ಟು' ರಂಜಕದ್ದು. ರಾಕ್‌ನ ರಂಜಕ ನೀರಿಗೆ ಕರಗುವುದಿಲ್ಲ, ಹುಳಿ ಮಣ್ಣಿನಲ್ಲಿ ನಿಧಾನಕ್ಕೆ ಬಿಡುಗಡೆಯಾಗುತ್ತದೆ. ಮಳೆಗೆ ಸುಣ್ಣದಂಶ ತೊಳೆದುಹೋಗಿ ಹುಳಿಯಾದ ಮಲೆನಾಡಿನ ಜಂಬಿಟ್ಟಿಗೆ ಮಣ್ಣಿಗೆ ಅದು ಹೊಂದುವುದು ಈ ಕಾರಣಕ್ಕೆ. ಅದೇ ಚೀಲವನ್ನು ಬಯಲುಸೀಮೆಯ ಸುಣ್ಣದ ಮಣ್ಣಿಗೆ ಹಾಕಿದರೆ ವರ್ಷಗಟ್ಟಲೆ ಹಾಗೇ ಕೂರುತ್ತದೆ. ನಮ್ಮ ತೋಟದಲ್ಲೂ ಸುಣ್ಣ ಮತ್ತು ರಾಕ್ ಒಟ್ಟೊಟ್ಟಿಗೆ ಹಾಕಿದರೆ ಹಾಗೇ ಆಗುತ್ತದೆ, ರಾಕ್ ಕರಗಲು ಬೇಕಾದ ಹುಳಿಯನ್ನು ಸುಣ್ಣ ತೆಗೆದುಬಿಡುತ್ತದೆ.

ಸೂಕ್ಷ್ಮ ಪೋಷಕಾಂಶಗಳಲ್ಲಿ ಒಂದೇ ಹೆಸರಿನ ಹಿಂದೆ ಬೇರೆ ಬೇರೆ ಅಂಕಿ ಇರುತ್ತದೆ. ಜಿಂಕ್ ಸಲ್ಫೇಟ್ ಹೆಪ್ಟಾಹೈಡ್ರೇಟ್‌ನಲ್ಲಿ ಸತು ಶೇ 21, ಮೊನೊಹೈಡ್ರೇಟ್‌ನಲ್ಲಿ ಶೇ 33. ಬೊರಾಕ್ಸ್‌ನಲ್ಲಿ ಬೋರಾನ್ ಶೇ 10.5, ಸಿಂಪಡಣೆಗೆ ಬಳಸುವ ಆಕ್ಟಾಬೋರೇಟ್‌ನಲ್ಲಿ ಶೇ 20. ಬೊರಾಕ್ಸ್‌ಗೆ ಹೇಳಿದ ಪ್ರಮಾಣವನ್ನೇ ಆಕ್ಟಾಬೋರೇಟ್‌ಗೂ ಹಾಕಿದರೆ ಬೋರಾನ್ ಎರಡು ಪಟ್ಟಾಗುತ್ತದೆ. ಕೊರತೆಗೂ ವಿಷವಾಗುವುದಕ್ಕೂ ನಡುವಿನ ಅಂತರ ಬೋರಾನ್‌ನಲ್ಲಿ ಬಹಳ ಕಡಿಮೆ, ಎಲೆಯ ತುದಿ ಸುಟ್ಟಮೇಲೆ ಮಾಡುವಂಥದ್ದು ಹೆಚ್ಚೇನೂ ಉಳಿದಿರುವುದಿಲ್ಲ. ಇನ್ನು ಹಲವು ಸೂಕ್ಷ್ಮ ಪೋಷಕಾಂಶಗಳನ್ನು ಸೇರಿಸಿದ ಮಿಶ್ರಣಗಳ ಗ್ರೇಡನ್ನು ಅಧಿಸೂಚಿಸುವುದು ರಾಜ್ಯ ಸರ್ಕಾರ. ಬೇರೆ ರಾಜ್ಯದ ಗ್ರೇಡಿನ ಪೊಟ್ಟಣ ಇಲ್ಲಿನ ಅಂಗಡಿಯಲ್ಲಿದ್ದರೆ ಏಕೆಂದು ಕೇಳಬೇಕು.

ಸತುವಿಗೆ ಮೆಗ್ನೀಷಿಯಂ ಸಲ್ಫೇಟ್ ಬೆರೆಸುವುದು ಹಳೆಯ ಮೋಸ. ಎರಡೂ ಬಿಳಿ ಹರಳು, ನೋಡಲು ಒಂದೇ. ಮನೆಯಲ್ಲೇ ನೋಡಬಹುದು: ಒಂದು ಚಮಚ ಡಿಎಪಿಯನ್ನು ಒಂದು ಲೋಟ ನೀರಿನಲ್ಲಿ ಕರಗಿಸಿ ಬಟ್ಟೆಯಲ್ಲಿ ಸೋಸಿ. ಇನ್ನೊಂದು ಲೋಟದಲ್ಲಿ ಜಿಂಕ್ ಸಲ್ಫೇಟ್ ಕರಗಿಸಿ ಅದಕ್ಕೆ ಈ ತಿಳಿಯನ್ನು ಸುರಿಯಿರಿ. ಸತುವಾದರೆ ಮೊಸರಿನಂತೆ ದಪ್ಪಗೆ ಒಡೆದು ಗಷ್ಟು ಕೂರುತ್ತದೆ. ಬರೀ ಮೆಗ್ನೀಷಿಯಂ ಆದರೆ ಹಾಗೆ ಒಡೆಯುವುದಿಲ್ಲ. ಇದರಿಂದ ಶೇಕಡಾ ಎಷ್ಟು ಎಂದು ಗೊತ್ತಾಗದು, ಪೂರ್ತಿ ಮೋಸವಾಗಿದ್ದರೆ ಮಾತ್ರ ಸಿಕ್ಕಿಬೀಳುತ್ತದೆ.

ಸುಣ್ಣ ಮತ್ತು ಡಾಲಮೈಟ್: ಒಂದೇ ಪುಡಿಗೆ ಮೂರು ಅಂಕಿ

ಮಲೆನಾಡಿನಲ್ಲಿ ಲೇಬಲ್ ಅತಿ ಹೆಚ್ಚು ದಾರಿ ತಪ್ಪಿಸುವುದು ಇಲ್ಲೇ. ಸುಣ್ಣ ಹಾಕುವುದು ಮಣ್ಣಿನ ಹುಳಿ ತೆಗೆಯಲು, ಆದ್ದರಿಂದ ನೋಡಬೇಕಾದದ್ದು ಅದು ಎಷ್ಟು ಹುಳಿ ತೆಗೆಯುತ್ತದೆ ಎಂಬುದನ್ನು. ಚೀಲದ ಮೇಲೆ ಮಾತ್ರ ಒಬ್ಬರು ಕ್ಯಾಲ್ಸಿಯಂ ಎಂದು ಬರೆದಿರುತ್ತಾರೆ, ಇನ್ನೊಬ್ಬರು ಕ್ಯಾಲ್ಸಿಯಂ ಆಕ್ಸೈಡ್ ಎಂದು, ಮತ್ತೊಬ್ಬರು ಕ್ಯಾಲ್ಸಿಯಂ ಕಾರ್ಬೊನೇಟ್ ಎಂದು. ಶುದ್ಧ ಸುಣ್ಣದ ಕಲ್ಲಿನ ಪುಡಿಯೊಂದನ್ನೇ ಕ್ಯಾಲ್ಸಿಯಂ ಶೇ 40, ಆಕ್ಸೈಡ್ ಶೇ 56, ಕಾರ್ಬೊನೇಟ್ ಶೇ 100 ಎಂದು ಮೂರು ರೀತಿ ಬರೆಯಬಹುದು, ಮೂರೂ ಸುಳ್ಳಲ್ಲ. ಹೋಲಿಸಬೇಕಾದರೆ ಎಲ್ಲವನ್ನೂ ಕಾರ್ಬೊನೇಟ್‌ಗೆ ತನ್ನಿ: ಕ್ಯಾಲ್ಸಿಯಂ ಅಂಕಿಗೆ 2.5, ಆಕ್ಸೈಡ್ ಅಂಕಿಗೆ 1.79 ಗುಣಿಸಿ.

ಕಾರ್ಬೊನೇಟ್‌ನ ಹುಳಿ ತೆಗೆಯುವ ಶಕ್ತಿಯನ್ನು 100 ಎಂದಿಟ್ಟುಕೊಂಡರೆ ಶುದ್ಧ ಡಾಲಮೈಟ್ 109, ಅರಳಿಸಿದ ಸುಣ್ಣ 136, ಸುಟ್ಟ ಸುಣ್ಣ 179. ಡಾಲಮೈಟ್ ಚೀಲದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಶೇ 54, ಮೆಗ್ನೀಷಿಯಂ ಕಾರ್ಬೊನೇಟ್ ಶೇ 40 ಎಂದಿದ್ದರೆ ಎರಡನೆಯದನ್ನು 1.19ರಿಂದ ಗುಣಿಸಿ ಮೊದಲನೆಯದಕ್ಕೆ ಕೂಡಿಸಿ: 54 ಮತ್ತು 47.6 ಸೇರಿ 101.6. ಒಳ್ಳೆಯ ಮಾಲು. ಕೂಡಿಸಿದ್ದು 70ರ ಹತ್ತಿರ ಬಂದರೆ ಉಳಿದ ಮೂರನೇ ಒಂದು ಪಾಲು ಕಲ್ಲುಮಣ್ಣಿಗೆ ದುಡ್ಡು ಕೊಡುತ್ತಿದ್ದೀರಿ, ಲಾರಿ ಬಾಡಿಗೆ ಸಮೇತ.

ಪುಡಿಯ ನುಣುಪು ಇನ್ನೊಂದು. ಶೇಕಡಾ ಎಷ್ಟೇ ಚೆನ್ನಾಗಿದ್ದರೂ ರವೆಯಂತೆ ತರಿತರಿಯಾಗಿದ್ದರೆ ಈ ಮಳೆಗಾಲದಲ್ಲಿ ಕೆಲಸ ಆಗದು, ಮುಂದಿನ ವರ್ಷ ಬುಡ ಬಿಡಿಸಿದರೆ ಬಿಳಿ ಕಾಳು ಹಾಗೇ ಸಿಗುತ್ತದೆ. ಲೇಬಲ್ಲಿನಲ್ಲಿ 'ಮೆಶ್' ಎಂದಿರುವುದು ಜರಡಿಯ ಅಳತೆ, ಅಂಕಿ ಹೆಚ್ಚಿದಷ್ಟೂ ಪುಡಿ ನುಣುಪು. 100 ಮೆಶ್ ಪುಡಿ ಬೆರಳ ನಡುವೆ ಹಿಟ್ಟಿನಂತೆ ಹತ್ತುತ್ತದೆ.

ಜಿಪ್ಸಂ ಚೀಲದ ಮೇಲೂ ಕ್ಯಾಲ್ಸಿಯಂ ಎಂದು ದೊಡ್ಡದಾಗಿ ಬರೆದಿರುತ್ತದೆ. ಅದು ಕ್ಯಾಲ್ಸಿಯಂ ಕೊಡುತ್ತದೆ, ಗಂಧಕ ಕೊಡುತ್ತದೆ, ಮಣ್ಣಿನ ಪಿಎಚ್ ಏರಿಸುವುದಿಲ್ಲ. ಹುಳಿ ತೆಗೆಯಲು ಜಿಪ್ಸಂ ತಂದರೆ ದುಡ್ಡು ನೀರಿಗೆ ಹಾಕಿದಂತೆ.

ಸುಣ್ಣ ಯಾವುದೇ ಇರಲಿ, ಯೂರಿಯಾ, ಡಿಎಪಿ ಜೊತೆ ಬೆರೆಸಿ ಹಾಕಬಾರದು, ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಡಿಎಪಿ ಕಾಳನ್ನು ಸುಣ್ಣದ ಜೊತೆ ಅಂಗೈಯಲ್ಲಿ ಉಜ್ಜಿ ಮೂಸಿದರೆ ಮೂಗಿಗೆ ಅಡರುವ ಘಾಟು ಅದೇ. ಎರಡಕ್ಕೂ ನಡುವೆ ಎರಡು ಮೂರು ವಾರ ಬಿಡಿ.

ಸಾವಯವ, ಜೈವಿಕ, ಉತ್ತೇಜಕ

ಎರೆಗೊಬ್ಬರಕ್ಕೆ ಕಾನೂನು ಕೇಳುವುದು ಒಟ್ಟು ಸಾವಯವ ಇಂಗಾಲ ಕನಿಷ್ಠ ಶೇ 18, ಸಾರಜನಕ ಶೇ 1, ರಂಜಕ ಮತ್ತು ಪೊಟ್ಯಾಷ್ ತಲಾ ಶೇ 0.8, ತೇವಾಂಶ ಶೇ 15ರಿಂದ 25. ಸೀಸ, ಕ್ಯಾಡ್ಮಿಯಂ, ನಿಕ್ಕಲ್‌ನಂಥ ಭಾರ ಲೋಹಗಳಿಗೂ ಮಿತಿ ಇದೆ: ಕೆಜಿಗೆ ಸೀಸ 100 ಮಿ.ಗ್ರಾಂ, ಕ್ಯಾಡ್ಮಿಯಂ 5 ಮಿ.ಗ್ರಾಂ ದಾಟುವಂತಿಲ್ಲ. 50 ಕೆಜಿ ಚೀಲದಲ್ಲಿ ಸಿಗುವ ಸಾರಜನಕ ಅರ್ಧ ಕೆಜಿ. ಸಾವಯವ ಗೊಬ್ಬರವನ್ನು ಎನ್‌ಪಿಕೆ (ಸಾರಜನಕ, ರಂಜಕ, ಪೊಟ್ಯಾಷ್) ಅಂಕಿಗಾಗಿ ಕೊಳ್ಳುವುದೇ ತಪ್ಪು ಲೆಕ್ಕ, ಅಲ್ಲಿ ನೋಡಬೇಕಾದ್ದು ಇಂಗಾಲ ಮತ್ತು ತೇವಾಂಶ. ತೇವಾಂಶ ಶೇ 25 ಇರುವ 50 ಕೆಜಿ ಚೀಲದಲ್ಲಿ ಒಣ ಸರಕು 37.5 ಕೆಜಿ, ಶೇ 40 ಇದ್ದರೆ 30 ಕೆಜಿ. ಮುಷ್ಟಿಯಲ್ಲಿ ಹಿಂಡಿದಾಗ ನೀರು ಜಿನುಗಿದರೆ ತೂಕ ಮಾಡಿಸಿಕೊಂಡದ್ದು ನೀರನ್ನು.

'ಸಾವಯವ ಕೃಷಿಯಲ್ಲಿ ಬಳಸಬಹುದು' ಎಂಬ ಪ್ರಮಾಣಪತ್ರದ ಗುರುತು ಇದ್ದರೆ ಅದರ ಅರ್ಥ ಅದರಲ್ಲಿ ನಿಷೇಧಿತ ವಸ್ತು ಇಲ್ಲ ಎಂದು. ಪೋಷಕಾಂಶ ಇದೆ ಎಂದಲ್ಲ. ಐಎಸ್‌ಒ 9001 ಎಂಬುದು ಕಂಪನಿಯ ನಿರ್ವಹಣಾ ಪದ್ಧತಿಗೆ ಸಿಗುವುದು, ಚೀಲದೊಳಗಿನ ಮಾಲಿಗಲ್ಲ. ಹೆಸರಿನ ಪಕ್ಕದ ನೋಂದಾಯಿತ ಟ್ರೇಡ್‌ಮಾರ್ಕ್ ಗುರುತಂತೂ ಆ ಹೆಸರನ್ನು ಬೇರೆಯವರು ಬಳಸದಿರಲಿ ಎಂದು, ಅಷ್ಟೇ.

ಜೈವಿಕ ಗೊಬ್ಬರದಲ್ಲಿ ಮುಖ್ಯ ಅಂಕಿ ಜೀವಾಣುಗಳ ಎಣಿಕೆ, ಲೇಬಲ್ಲಿನಲ್ಲಿ ಸಿಎಫ್‌ಯು ಎಂದಿರುತ್ತದೆ. ಅಜೋಸ್ಪಿರಿಲಂ, ರಂಜಕ ಕರಗಿಸುವ ಬ್ಯಾಕ್ಟೀರಿಯಾ ಮುಂತಾದವಕ್ಕೆ ಪುಡಿಯಾದರೆ ಗ್ರಾಂಗೆ ಕನಿಷ್ಠ 5 ಕೋಟಿ, ದ್ರವವಾದರೆ ಮಿ.ಲೀ.ಗೆ 10 ಕೋಟಿ. ಜೀವ ಇರುವ ಸರಕಾದ್ದರಿಂದ ತಯಾರಿಕೆಯ ದಿನಾಂಕ, ಅವಧಿ ಮುಗಿಯುವ ದಿನಾಂಕ ಎರಡೂ ಬೇಕೇ ಬೇಕು. ದಿನಾಂಕ ಸರಿಯಿದ್ದರೂ ಅಂಗಡಿಯ ಬಿಸಿಲು ಬೀಳುವ ಕಪಾಟಿನಲ್ಲಿ ಬೇಸಿಗೆ ಕಳೆದ ಪೊಟ್ಟಣದಲ್ಲಿ ಉಳಿದಿರುವುದು ಇದ್ದಿಲ ಪುಡಿಯಷ್ಟೇ ಆಗಿರಬಹುದು. ತಂದಮೇಲೆ ರಸಗೊಬ್ಬರದೊಂದಿಗೆ ಬೆರೆಸಬೇಡಿ, ಬೋರ್ಡೋ (ಮೈಲುತುತ್ತ ಮತ್ತು ಸುಣ್ಣದ ದ್ರಾವಣ) ಹೊಡೆದ ಡ್ರಮ್ಮಿನಲ್ಲಿ ಕಲಸಬೇಡಿ. ತಾಮ್ರ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ.

ಬಯೋಸ್ಟಿಮ್ಯುಲಂಟ್ ವರ್ಗದಲ್ಲಿ ಕಡಲಪಾಚಿಯ ಸಾರ, ಹ್ಯೂಮಿಕ್ ಮತ್ತು ಫುಲ್ವಿಕ್ ಆಮ್ಲ, ಅಮೈನೋ ಆಮ್ಲ, ವಿಟಮಿನ್ ಇತ್ಯಾದಿ ಬರುತ್ತವೆ. ಇವು ಗಿಡದ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುಗಳು, ಗೊಬ್ಬರದ ಬದಲಿ ಅಲ್ಲ. 2021ಕ್ಕೆ ಮುಂಚೆ ಇವಕ್ಕೆ ಹೇಳುವವರು ಕೇಳುವವರು ಇರಲಿಲ್ಲ. ಆಮೇಲೆ ತಾತ್ಕಾಲಿಕ ನೋಂದಣಿ ಕೊಟ್ಟು, ಅದರ ಅವಧಿಯನ್ನು ವಿಸ್ತರಿಸುತ್ತಾ ಬಂದು, 2025ರ ಜೂನ್ 16ಕ್ಕೆ ಮುಗಿಸಲಾಯಿತು. ಈಗ ಉತ್ಪನ್ನ ಆರನೇ ಅನುಸೂಚಿಯಲ್ಲಿ ಸೇರಿರಬೇಕು. ಅನುಸೂಚಿಯಲ್ಲಿ ಉತ್ಪನ್ನದ ಜೊತೆಗೇ ಬೆಳೆ ಮತ್ತು ಪ್ರಮಾಣವೂ ಇರುತ್ತದೆ. ಲೇಬಲ್ಲಿನಲ್ಲಿ ಟೊಮೆಟೊ, ಮೆಣಸಿನಕಾಯಿ ಎಂದಿದ್ದು ಅಂಗಡಿಯವರು ಬಾಯಲ್ಲಿ ಅಡಿಕೆಗೂ ಆಗುತ್ತದೆ ಎಂದರೆ, ಆ ಮಾತಿನ ಹೊಣೆ ಲೇಬಲ್ಲಿನದಲ್ಲ. ಇಂಥ ಉತ್ಪನ್ನದಲ್ಲಿ ಕೀಟನಾಶಕದ ಅಂಶ 0.01 ಪಿಪಿಎಂ ಮೀರುವಂತಿಲ್ಲ. ಈ ನಿಯಮ ಬಂದದ್ದು ಸುಮ್ಮನೆ ಅಲ್ಲ, 'ಗಿಡಮೂಲಿಕೆ ಸಾರ' ಹೊಡೆದ ಮರುದಿನವೇ ಹುಳ ಸತ್ತು ಬಿದ್ದರೆ ಅದರಲ್ಲಿ ಬರೀ ಗಿಡಮೂಲಿಕೆ ಇರಲಿಲ್ಲ ಎಂದೇ ಅರ್ಥ.

ಹ್ಯೂಮಿಕ್ ಪೊಟ್ಟಣದ 'ಶೇ 98' ಎಂಬುದನ್ನು ಕಣ್ಣು ಹತ್ತಿರ ತಂದು ಓದಿ. ಕೆಲವು ಪೊಟ್ಟಣಗಳಲ್ಲಿ ಅದು ಹ್ಯೂಮಿಕ್ ಆಮ್ಲದ ಪ್ರಮಾಣವಲ್ಲ, ನೀರಿನಲ್ಲಿ ಎಷ್ಟು ಕರಗುತ್ತದೆ ಎಂಬುದರ ಪ್ರಮಾಣ. ಸಕ್ಕರೆಯೂ ಪೂರ್ತಿ ಕರಗುತ್ತದೆ.

ರೋಗದ ಮಾತು ಬಂದರೆ ಕಾನೂನು ಬದಲು

ಎಲೆಚುಕ್ಕಿ ರೋಗ ತೋಟಗಳನ್ನು ಹಿಂಡತೊಡಗಿದ ಮೇಲೆ 'ಎಲೆಚುಕ್ಕಿ, ಕೊಳೆ, ಬೇರುಹುಳ ಎಲ್ಲಕ್ಕೂ ರಾಮಬಾಣ' ಎಂಬ ಸಾವಯವ ಟಾನಿಕ್‌ಗಳು ಊರೂರು ಸುತ್ತುತ್ತಿವೆ. ರೋಗ ತಡೆಯುತ್ತದೆ, ಹುಳ ಕೊಲ್ಲುತ್ತದೆ ಎಂದ ಕ್ಷಣ ಅದು ಕೀಟನಾಶಕ ಕಾಯ್ದೆಯ ಸರಕು. ಕೇಂದ್ರ ಕೀಟನಾಶಕ ಮಂಡಳಿಯ ನೋಂದಣಿ ಸಂಖ್ಯೆ, ವಿಷದ ತೀವ್ರತೆ ತೋರಿಸುವ ಚೌಕದ ಬಣ್ಣ, ವಿಷ ಏರಿದರೆ ಕೊಡಬೇಕಾದ ಚಿಕಿತ್ಸೆ, ಒಳಗೆ ಮಡಚಿಟ್ಟ ಮಾಹಿತಿ ಪತ್ರ, ಇವೆಲ್ಲ ಇರಬೇಕು. ಬಣ್ಣದ ಕ್ರಮ ಕೆಂಪು, ಹಳದಿ, ನೀಲಿ, ಹಸಿರು. ಕೆಂಪು ಅತಿ ವಿಷ, ಹಸಿರು ಅತಿ ಕಡಿಮೆ. ಕಾಳುಮೆಣಸಿನ ಸೊರಗು ರೋಗಕ್ಕೆ ಬಳಸುವ ಟ್ರೈಕೋಡರ್ಮಾ ಕೂಡ ಇದೇ ಕಾಯ್ದೆಗೆ ಸೇರಿದ್ದು. ಶೇ 1ರ ಪುಡಿಯಲ್ಲಿ ಗ್ರಾಂಗೆ ಕನಿಷ್ಠ 20 ಲಕ್ಷ ಸಿಎಫ್‌ಯು ಇರಬೇಕು. ನೋಂದಣಿ ಸಂಖ್ಯೆ ಇಲ್ಲದೆ 'ಜೈವಿಕ ಗೊಬ್ಬರ' ಎಂಬ ಹೆಸರಲ್ಲಿ ಟ್ರೈಕೋಡರ್ಮಾ ಮಾರುತ್ತಿದ್ದರೆ ಎರಡೂ ಕಾನೂನಿನ ಕಣ್ಣು ತಪ್ಪಿಸುವ ಉಪಾಯ.

ಮೈಲುತುತ್ತ ಎರಡೂ ಕಡೆ ಇರುವ ವಸ್ತು. ತಾಮ್ರದ ಪೋಷಕಾಂಶವಾಗಿ ಮಾರಿದರೆ ಗೊಬ್ಬರ, ಆಗ ತಾಮ್ರ ಕನಿಷ್ಠ ಶೇ 24 ಇರಬೇಕು. ಶುದ್ಧ ಹರಳಿನಲ್ಲಿ ಶೇ 25.5ರಷ್ಟು ಇರುತ್ತದೆ. ಶೇ 1ರ ಬೋರ್ಡೋಗೆ 100 ಲೀಟರಿಗೆ ಒಂದು ಕೆಜಿ ತುತ್ತ ಎಂಬ ಲೆಕ್ಕ ನಿಂತಿರುವುದು ಈ ಶುದ್ಧತೆಯ ಮೇಲೆ. ಕಬ್ಬಿಣದ ಸಲ್ಫೇಟ್ ಬೆರೆತ ತುತ್ತ ತಂದರೆ ಗೊನೆಗೆ ಹೊಡೆಯುವ ದ್ರಾವಣದಲ್ಲಿ ತಾಮ್ರ ಕಡಿಮೆಯಾಗಿ ಆಷಾಢದ ಮಳೆಯಲ್ಲಿ ಕೊಳೆ ತಡೆಯುವುದಿಲ್ಲ. ಆಗ ಬೈಗುಳ ಬೋರ್ಡೋಗೆ ಬೀಳುತ್ತದೆ.

ಬಿಲ್ಲು, ಚೀಲ, ದೂರು

ಲೇಬಲ್ಲು ಓದಿ ಆಯ್ಕೆ ಮಾಡಿದ ಮೇಲೆ ಬಿಲ್ಲು ಕೇಳಿ. 'ಎಂ' ನಮೂನೆಯ ನಗದು ಅಥವಾ ಸಾಲದ ರಸೀದಿ ಕೊಡುವುದು ಮಾರಾಟಗಾರನ ಕರ್ತವ್ಯ, ದಾಸ್ತಾನು ಮತ್ತು ದರದ ಪಟ್ಟಿ ತೂಗುಹಾಕುವುದೂ ಅಷ್ಟೇ. ಬಿಳಿ ಚೀಟಿಯಲ್ಲಿ 'ಗೊಬ್ಬರ 10 ಚೀಲ' ಎಂದು ಗೀಚಿಕೊಟ್ಟದ್ದು ನಾಳೆ ಯಾವ ಕೆಲಸಕ್ಕೂ ಬರದು. ಉತ್ಪನ್ನದ ಪೂರ್ತಿ ಹೆಸರು, ತಯಾರಕರು, ಬ್ಯಾಚ್ ನಂಬರ್ ಬರೆಸಿಕೊಳ್ಳಿ.

ಚೀಲ ಬಿಚ್ಚುವಾಗ ಮುದ್ರಿತ ಭಾಗ ಮತ್ತು ಬ್ಯಾಚ್ ನಂಬರಿರುವ ಜಾಗ ಹರಿಯದಂತೆ ಬಿಚ್ಚಿ, ಖಾಲಿ ಚೀಲ ಒಂದನ್ನಾದರೂ ಕೊಯ್ಲು ಮುಗಿಯುವ ತನಕ ಮಡಚಿಡಿ. ಅನುಮಾನವಿದ್ದರೆ ಒಂದು ಕೆಜಿಯಷ್ಟನ್ನು ಗಾಳಿಯಾಡದ ಡಬ್ಬಿಯಲ್ಲಿ ಎತ್ತಿಡಿ. ಮಳೆಗಾಲದ ಮಲೆನಾಡಿನಲ್ಲಿ ತೆರೆದಿಟ್ಟ ಯೂರಿಯಾ ಎರಡೇ ದಿನಕ್ಕೆ ನೀರೆಳೆದುಕೊಂಡು ಗಟ್ಟಿಯಾಗುತ್ತದೆ, ಹಾಗಾದ ಮಾದರಿ ಯಾವುದನ್ನೂ ಸಾಬೀತು ಮಾಡದು.

ದೂರು ಕೊಡಬೇಕಾದ್ದು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಅಥವಾ ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರ ಕಚೇರಿಗೆ. ಮಾದರಿ ತೆಗೆಯುವ ಅಧಿಕಾರ ಇರುವುದು ರಸಗೊಬ್ಬರ ನಿರೀಕ್ಷಕರಿಗೆ, ತೆಗೆಯುವ ವಿಧಾನವೂ ನಿಯಂತ್ರಣ ಆದೇಶದ ಎರಡನೇ ಅನುಸೂಚಿಯಲ್ಲಿ ನಿಗದಿಯಾಗಿದೆ. ಕಳಪೆ ಎಂದು ಸಾಬೀತಾದರೆ ಅಗತ್ಯ ವಸ್ತುಗಳ ಕಾಯ್ದೆಯಲ್ಲಿ ಮೂರು ತಿಂಗಳಿಂದ ಏಳು ವರ್ಷದವರೆಗೆ ಶಿಕ್ಷೆಗೆ ಅವಕಾಶವಿದೆ. ಆದರೆ ನಿಮ್ಮ ಮನೆಯ ಬಿಚ್ಚಿದ ಚೀಲದಿಂದ ತೆಗೆದ ಮಾದರಿ ಮೊಕದ್ದಮೆಯಲ್ಲಿ ನಿಲ್ಲುವುದು ಕಷ್ಟ, ಅಂಗಡಿಯಲ್ಲಿರುವ ಬಿಚ್ಚದ ಚೀಲದಿಂದಲೇ ತೆಗೆಯಬೇಕಾಗುತ್ತದೆ. ಹಾಗಾಗಿ ಅನುಮಾನ ಬಂದ ದಿನವೇ ಬಿಲ್ಲು ಹಿಡಿದು ಹೋಗಿ. ಅದೇ ಬ್ಯಾಚಿನ ದಾಸ್ತಾನು ಖಾಲಿಯಾದ ಮೇಲೆ ನಿರೀಕ್ಷಕರು ಬಂದರೂ ತೆಗೆಯಲು ಮಾದರಿ ಉಳಿದಿರುವುದಿಲ್ಲ.